ಪ್ಯಾಕೆಟ್ ಮೇಲೆ ಬಾಳೆಗಿಡ, ಕೊನೆಗೆ ಅದೇ ಕೆಂಪು ಬುಟ್ಟಿ

ಹೋದ ವರ್ಷ ಯುಗಾದಿ ಹೊತ್ತಿಗೆ ನಮ್ಮ ಬಾಲ್ಕನಿಯ ಬಾಯಿ ಒಡೆದ ಕುಂಡವೊಂದರಲ್ಲಿ ನಾನೊಂದು ಸ್ಯಾನಿಟರಿ ಪ್ಯಾಡ್ ಹೂತಿಟ್ಟೆ. ಬಳಸಿದ್ದಲ್ಲ, ಹೊಸದು. ಪ್ಯಾಕೆಟ್ ಮೇಲೆ ಬಿದಿರೆಲೆಯ ಚಿತ್ರ, ಅದರ ಕೆಳಗೆ ‘ಸಸ್ಯಜನ್ಯ’, ‘ಮಣ್ಣಿಗೆ ಮರಳುತ್ತದೆ’ ಅಂತೆಲ್ಲ ಬರೆದಿತ್ತು. ಬೆಲೆ ಒಂದಕ್ಕೆ 18 ರೂಪಾಯಿ. ಅಷ್ಟು ಕೊಟ್ಟ ಮೇಲೆ ನಿಜವಾಗಿ ಮಣ್ಣಾಗತ್ತಾ ನೋಡೋಣ ಅನ್ನೋ ಕುತೂಹಲ, ಅಷ್ಟೆ.

ದಸರಾ ಮುಗಿದ ಮೇಲೆ ಅಗೆದು ನೋಡಿದೆ. ಒಳಗಿನ ಹತ್ತಿಯಂಥ ಭಾಗ ಹೆಚ್ಚುಕಡಿಮೆ ಕರಗಿಹೋಗಿತ್ತು. ಮೇಲಿನ ಹೊದಿಕೆ ಜಾಲರಿಯಾಗಿತ್ತು. ಆದರೆ ಒಳಉಡುಪಿಗೆ ಅಂಟಿಕೊಳ್ಳುವ ಹಿಂಬದಿಯ ಹಾಳೆ ಮತ್ತು ಅಂಟಿನ ಪಟ್ಟಿ? ತಂದ ದಿನ ಹೇಗಿದ್ದವೋ ಹಾಗೇ ಇದ್ದವು. ಮಣ್ಣು ಕೊಡವಿ ಹಿಡಿದರೆ ಪ್ಯಾಡಿನ ಆಕಾರ ಇನ್ನೂ ಗುರುತು ಸಿಗುತ್ತಿತ್ತು.

ಒಂದು ಕುಂಡದ ಮಣ್ಣು ಪ್ರಯೋಗಾಲಯ ಅಲ್ಲ, ಗೊತ್ತು. ಕಂಪನಿಯ ಹೆಸರು ಹೇಳಿ ಜಗಳ ಕಾಯುವ ಉದ್ದೇಶವೂ ನನಗಿಲ್ಲ. ಆದರೆ ಆ ಹಾಳೆಯನ್ನು ಕೈಯಲ್ಲಿ ಹಿಡಿದಾಗ ನನಗೆ ಹೊಳೆದದ್ದು ಇಷ್ಟು: ನಾನು ದುಡ್ಡು ಕೊಟ್ಟಿದ್ದು ಒಂದು ಗಿಡದ ಚಿತ್ರಕ್ಕೆ. ಆ ಚಿತ್ರ ನನಗೆ ಪ್ಯಾಡಿನ ಹುಟ್ಟಿನ ಬಗ್ಗೆ ಹೇಳುತ್ತಿತ್ತು. ಸಾವಿನ ಬಗ್ಗೆ ಏನೂ ಹೇಳುತ್ತಿರಲಿಲ್ಲ.

2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ಒಂದಿಷ್ಟು ದಿನ ಎಲ್ಲರೂ ಮುಟ್ಟಿನ ಬಗ್ಗೆ ಮಾತಾಡಿದರು. ಒಳ್ಳೆಯದೇ. ರಜೆಯ ಬಗ್ಗೆ ಮಾತಾಡಿದ ಹಾಗೆಯೇ ಮುಟ್ಟಿನ ಸುತ್ತ ಬೆಳೆಯುತ್ತಿರುವ ಈ ‘ಹಸಿರು’ ವ್ಯಾಪಾರದ ಬಗ್ಗೆಯೂ ಮಾತಾಡಬೇಕಲ್ವಾ?

ಮಾಮೂಲಿ ಪ್ಯಾಡಿನಲ್ಲೂ ಗಿಡವೇ ಇದೆ

ಮೊದಲು ಒಂದು ತಮಾಷೆಯ ಸಂಗತಿ. ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವ ಮಾಮೂಲಿ ಪ್ಯಾಡಿನ ಹೊಟ್ಟೆಯೊಳಗೆ ಇರುವುದೂ ಗಿಡವೇ. ಅದಕ್ಕೆ ಫ್ಲಫ್ ಪಲ್ಪ್ ಅನ್ನುತ್ತಾರೆ, ಅಂದರೆ ಮರದ ತಿರುಳನ್ನು ಕೆದರಿ ಹತ್ತಿಯಂತೆ ಮಾಡಿದ್ದು. ಜಗತ್ತಿನ ಬಹುಪಾಲು ಫ್ಲಫ್ ಪಲ್ಪ್ ಬರುವುದು ಅಮೆರಿಕದ ಆಗ್ನೇಯ ಭಾಗದ ಪೈನ್ ಮರಗಳಿಂದ. ಕೊಯಮತ್ತೂರಿನ ಅರುಣಾಚಲಂ ಮುರುಗನಾಥಂ ಹೆಂಡತಿಗಾಗಿ ಕಡಿಮೆ ಖರ್ಚಿನ ಪ್ಯಾಡ್ ಮಾಡಲು ಹೊರಟು ಮೊದಮೊದಲು ಸೋತದ್ದು ಇದೇ ಕಾರಣಕ್ಕೆ. ಅವರು ಹತ್ತಿ ತುಂಬುತ್ತಿದ್ದರು. ಕಂಪನಿಗಳ ಪ್ಯಾಡಿನೊಳಗೆ ಇರುವುದು ಹತ್ತಿಯಲ್ಲ, ಮರದ ಸೆಲ್ಯುಲೋಸ್ ಅಂತ ಪತ್ತೆ ಹಚ್ಚಲು ಅವರಿಗೆ ಎರಡು ವರ್ಷಕ್ಕಿಂತ ಹೆಚ್ಚು ಹಿಡಿಯಿತು. 2018ರ ‘ಪ್ಯಾಡ್‌ಮ್ಯಾನ್’ ಸಿನಿಮಾ ನೋಡಿದವರಿಗೆ ಈ ಕತೆ ಗೊತ್ತು.

ಹಾಗಾದರೆ ಪ್ಲಾಸ್ಟಿಕ್ ಎಲ್ಲಿದೆ? ಉಳಿದ ಎಲ್ಲ ಕಡೆ. ಚರ್ಮಕ್ಕೆ ತಾಗುವ ಮೇಲಿನ ಪದರ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್. ರಕ್ತವನ್ನು ಹೀರಿ ಜೆಲ್ ಮಾಡಿಕೊಳ್ಳುವ ಪುಡಿ ಸೋಡಿಯಂ ಪಾಲಿಅಕ್ರಿಲೇಟ್, ಅದೂ ಪೆಟ್ರೋಲಿಯಂ ಮೂಲದ್ದು. ಸೋರದಂತೆ ತಡೆಯುವ ಹಿಂಬದಿ ಹಾಳೆ ಪಾಲಿಎಥಿಲೀನ್. ಅಂಟು ಕೃತಕ. ಒಂದೊಂದನ್ನೂ ಸುತ್ತಿಡುವ ಕವರ್ ಕೂಡ ಪ್ಲಾಸ್ಟಿಕ್.

ಅಂದಮೇಲೆ ‘ಬಾಳೆನಾರಿನ ಪ್ಯಾಡ್’, ‘ಬಿದಿರಿನ ಪ್ಯಾಡ್’ ಅನ್ನುವ ಮಾತು ಅರ್ಧ ಉತ್ತರ ಮಾತ್ರ. ಮರದ ತಿರುಳಿನ ಜಾಗಕ್ಕೆ ಬಾಳೆನಾರು ಬಂದರೆ ಪೈನ್ ಕಡಿಯುವುದು ತಪ್ಪಬಹುದು, ಆಮದು ಕಡಿಮೆಯಾಗಬಹುದು. ಎರಡೂ ಒಳ್ಳೆಯ ಸಂಗತಿಗಳೇ. ಆದರೆ ಕೊಳೆಯದೆ ಉಳಿಯುವ ಸಮಸ್ಯೆ ಇರುವುದು ಆ ಪದರದಲ್ಲಲ್ಲ. ಕೇಳಬೇಕಾದ ಪ್ರಶ್ನೆ ‘ಒಳಗೆ ಯಾವ ಗಿಡ?’ ಅಂತಲ್ಲ. ‘ಹೀರುವ ಪುಡಿ ಏನು, ಹಿಂಬದಿ ಹಾಳೆ ಏನು, ಅಂಟು ಏನು?’ ಅಂತ.

ಈ ಪ್ರಶ್ನೆಗೆ ಪ್ಯಾಕೆಟ್ ಮೇಲೆ ಉತ್ತರ ಹುಡುಕಿ ನೋಡಿ. ಬಿಸ್ಕತ್ತಿನ ಪೊಟ್ಟಣ ತಿರುಗಿಸಿದರೆ ಒಳಗಿರುವ ಎಲ್ಲದರ ಪಟ್ಟಿ ಸಿಗತ್ತೆ. ಪ್ಯಾಡಿನ ಪೊಟ್ಟಣದ ಹಿಂದೆ ಬಹಳ ಸಲ ಅಂಥ ಪೂರ್ತಿ ಪಟ್ಟಿ ಸಿಗೋದಿಲ್ಲ. ನ್ಯೂಯಾರ್ಕ್ ರಾಜ್ಯ 2019ರಲ್ಲೇ ಮುಟ್ಟಿನ ಉತ್ಪನ್ನಗಳ ಮೇಲೆ ಒಳವಸ್ತುಗಳ ಪಟ್ಟಿ ಕಡ್ಡಾಯ ಮಾಡುವ ಕಾನೂನು ತಂದಿತು. ಬೆಂಗಳೂರಿನಲ್ಲಿ ಕೂತ ನಮಗೆ ಎಲೆಯ ಚಿತ್ರವೇ ಪಟ್ಟಿ.

‘ಆರ್ಗ್ಯಾನಿಕ್’ ಅಂತ ಬರೆದ ಮಾತ್ರಕ್ಕೆ ನಿಶ್ಚಿಂತೆ ಅಂದುಕೊಳ್ಳುವ ಹಾಗೂ ಇಲ್ಲ. ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ 2022ರಲ್ಲಿ ಮಾರುಕಟ್ಟೆಯ 10 ಪ್ಯಾಡುಗಳನ್ನು ಪರೀಕ್ಷೆ ಮಾಡಿಸಿತು. ಅದರಲ್ಲಿ ‘ಆರ್ಗ್ಯಾನಿಕ್’ ಎಂದು ಮಾರಾಟವಾಗುವವೂ ಇದ್ದವು. ಪ್ಲಾಸ್ಟಿಕ್ ಮೆದುವಾಗಿಸಲು ಬಳಸುವ ಥಾಲೇಟ್‌ಗಳು ಎಲ್ಲ 10ರಲ್ಲೂ ಸಿಕ್ಕವು. ಸಿಕ್ಕ ಮಾತ್ರಕ್ಕೆ ಕಾಯಿಲೆ ಬರುತ್ತೆ ಅಂತಲ್ಲ, ಹೆದರಿಸುವುದು ನನ್ನ ಕೆಲಸವೂ ಅಲ್ಲ. ‘ಆರ್ಗ್ಯಾನಿಕ್’ ಅನ್ನುವ ಪದ ಆ ಪ್ಯಾಕೆಟ್ ಮೇಲೆ ಏನನ್ನೂ ಖಾತ್ರಿಪಡಿಸುತ್ತಿಲ್ಲ ಅನ್ನುವುದಷ್ಟೇ ನನ್ನ ಮಾತು.

ಬಾಳೆದಿಂಡಿನಿಂದ ಪ್ಯಾಡಿನವರೆಗೆ

ಹಾಗಂತ ಈ ಉದ್ಯಮವನ್ನೆಲ್ಲ ಮೋಸ ಅಂತ ತಳ್ಳಿಹಾಕುವುದು ಅನ್ಯಾಯ. ಅದರ ಮೂಲ ಕಲ್ಪನೆ ಗಟ್ಟಿಯಾಗಿದೆ.

ಬಾಳೆ ಒಂದು ಗೊನೆ ಕೊಟ್ಟರೆ ಮುಗೀತು, ದಿಂಡು ಕಡಿಯಲೇಬೇಕು. ನಂಜನಗೂಡಿನ ಕಡೆಯ ಯಾವ ತೋಟಕ್ಕೆ ಹೋದರೂ ಕಡಿದ ದಿಂಡುಗಳು ಬದುವಿನಲ್ಲಿ ಬಿದ್ದು ಕೊಳೆಯುತ್ತಿರುತ್ತವೆ. ಒಂದಿಷ್ಟು ದನಕ್ಕೆ, ಒಂದಿಷ್ಟು ಪಲ್ಯಕ್ಕೆ, ಉಳಿದದ್ದು ರೈತನಿಗೆ ಕೂಲಿ ಕೊಟ್ಟು ಸಾಗಿಸುವ ಹೊರೆ. ಅದರಿಂದ ನಾರು ತೆಗೆದು ಪ್ಯಾಡ್ ಮಾಡಿದರೆ ಬೇರೆ ಜಮೀನು, ಬೇರೆ ನೀರು, ಬೇರೆ ಗೊಬ್ಬರ ಯಾವುದೂ ಬೇಡ. ಹತ್ತಿಗೆ ಈ ಅನುಕೂಲ ಇಲ್ಲ. ಅಹಮದಾಬಾದಿನಲ್ಲಿ 2015ರಲ್ಲಿ ಶುರುವಾದ ಸಾಥಿ ಕಂಪನಿ ಹೊರಟಿದ್ದು ಇದೇ ದಾರಿಯಲ್ಲಿ. ಆಫ್ರಿಕಾದ ರುವಾಂಡಾದಲ್ಲಿ ‘ಶಿ’ ಎಂಬ ಸಾಮಾಜಿಕ ಉದ್ಯಮವೂ ಅಲ್ಲಿನ ರೈತರ ಬಾಳೆನಾರಿನಿಂದ ಪ್ಯಾಡ್ ಮಾಡಿತು. ಕತ್ತಾಳೆ ಜಾತಿಯ ಸಿಸಲ್ ಗಿಡದ ನಾರನ್ನು ಹದ ಮಾಡಿದರೆ ಅದು ಮಾರುಕಟ್ಟೆಯ ಪ್ಯಾಡುಗಳಲ್ಲಿರುವ ನಾರಿಗಿಂತ ಹೆಚ್ಚು ಹೀರಬಲ್ಲದು ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಅವರ ತಂಡ 2023ರಲ್ಲಿ ತೋರಿಸಿತು. ಬಯಲುಸೀಮೆಯ ಬೇಲಿಯಲ್ಲಿ ಕತ್ತಾಳೆ ನೋಡಿ ಬೆಳೆದವರು ಈ ಸುದ್ದಿಗೆ ಕಿವಿ ನಿಮಿರಿಸಬೇಕು.

ಕಷ್ಟ ಇರುವುದು ಈ ‘ಹದ ಮಾಡಿದರೆ’ ಅನ್ನುವ ಮಾತಿನಲ್ಲಿ. ಬಾಳೆದಿಂಡಿನ ತೂಕದ ಬಹುಪಾಲು ಬರೀ ನೀರು. ನೂರು ಕೆಜಿ ದಿಂಡಿನಿಂದ ಸಿಗುವ ಒಣನಾರು ಒಂದೆರಡು ಕೆಜಿ ಅಷ್ಟೆ. ಆ ನೀರನ್ನು ಲಾರಿಯಲ್ಲಿ ನೂರಾರು ಮೈಲಿ ಸಾಗಿಸಿದರೆ ಲೆಕ್ಕ ಮುಗಿದೇಹೋಯಿತು. ಹಾಗಾಗಿ ನಾರು ತೆಗೆಯುವ ಯಂತ್ರ ತೋಟದ ಹತ್ತಿರವೇ ಇರಬೇಕು. ಇನ್ನು ಹಸಿ ನಾರು ರಕ್ತ ಹೀರುವುದಿಲ್ಲ. ಅದರಲ್ಲಿರುವ ಲಿಗ್ನಿನ್ ನೀರನ್ನು ಒಳಗೆ ಬಿಟ್ಟುಕೊಳ್ಳಲು ಅಡ್ಡಿ. ಅದನ್ನು ತೆಗೆದು, ತೊಳೆದು, ಕೆದರಿ ಮೆತ್ತಗಾಗಿಸಬೇಕು. ಅದಕ್ಕೆ ರಾಸಾಯನಿಕ ಬೇಕು, ನೀರು ಬೇಕು, ಹೊರಬಂದ ಕೊಳಕು ನೀರನ್ನು ಶುದ್ಧ ಮಾಡುವ ಘಟಕ ಬೇಕು. ಪ್ಯಾಕೆಟ್ ಮೇಲಿನ ಬಾಳೆಎಲೆಯಲ್ಲಿ ಇದ್ಯಾವುದೂ ಕಾಣೋದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಸ್ಪರ್ಧೆ ಯಾರ ಜೊತೆ? ಹಡಗಿನಲ್ಲಿ ಬರುವ, ದಶಕಗಳಿಂದ ಪಳಗಿದ, ರಾಶಿರಾಶಿಯಾಗಿ ತಯಾರಾಗುವ ಪೈನ್ ಪಲ್ಪ್ ಜೊತೆ. ನಿಮಿಷಕ್ಕೆ ನೂರಾರು ಪ್ಯಾಡ್ ಉಗುಳುವ ಯಂತ್ರಗಳ ಜೊತೆ. 18 ರೂಪಾಯಿ ಬೆಲೆಯ ಒಂದು ಭಾಗ ನಿಜವಾದ ಖರ್ಚು, ಅದನ್ನು ಒಪ್ಪಬೇಕು. ಆದರೆ ಇನ್ನೊಂದು ಭಾಗ ಸರ್ಕಾರ ಮಾಡಿದ್ದು.

ತೆರಿಗೆ ತೆಗೆದರು, ಆದರೆ ತೆಗೆಯಲಿಲ್ಲ

ನಿಮಗೆ ನೆನಪಿರಬಹುದು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಕುಂಕುಮ, ಬಳೆಗೆ ತೆರಿಗೆ ಇರಲಿಲ್ಲ, ಪ್ಯಾಡಿಗೆ ಮಾತ್ರ ಶೇ. 12 ಇತ್ತು. ದೇಶದ ಉದ್ದಗಲಕ್ಕೂ ಹೆಣ್ಣುಮಕ್ಕಳು ಗಲಾಟೆ ಮಾಡಿದರು. 2018ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿ ಪ್ಯಾಡಿಗೆ ವಿನಾಯಿತಿ ಕೊಟ್ಟಿತು. ನಾವೆಲ್ಲ ಗೆದ್ದೆವು ಅಂದುಕೊಂಡೆವು. ನಾನೂ ಸ್ಟೇಟಸ್ ಹಾಕಿದ್ದೆ.

ಆಮೇಲೆ ಅರ್ಥವಾಗಿದ್ದು ‘ವಿನಾಯಿತಿ’ ಅನ್ನುವ ಪದದ ಆಟ. ಸಾಮಾನ್ಯವಾಗಿ ಒಬ್ಬ ಉತ್ಪಾದಕ ಕಚ್ಚಾವಸ್ತು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು, ತಾನು ಮಾರುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಇದೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. ಅಂತಿಮ ವಸ್ತುವಿಗೆ ವಿನಾಯಿತಿ ಸಿಕ್ಕರೆ ಈ ಹಕ್ಕು ಹೋಗುತ್ತದೆ. ಕಚ್ಚಾವಸ್ತುವಿಗೆ ಕಟ್ಟಿದ್ದು ಕಟ್ಟಿದ ಹಾಗೇ ಗೋತಾ. ಆಗ ಮರದ ಪಲ್ಪಿಗೆ ಶೇ. 12, ಅಂಟು ಮತ್ತು ಹೀರುವ ಪುಡಿಗೆ ಶೇ. 18 ತೆರಿಗೆ ಇತ್ತು. 100 ರೂಪಾಯಿಯ ಅಂಟು ಕೊಂಡರೆ 18 ರೂಪಾಯಿ ವಾಪಸ್ ಬರುವ ದಾರಿ ಬಂದ್. ಅದು ಸದ್ದಿಲ್ಲದೆ ಪ್ಯಾಡಿನ ಬೆಲೆಯೊಳಗೆ ಸೇರಿಕೊಳ್ಳುತ್ತದೆ. ದರಗಳು ಆಮೇಲೆ ಬದಲಾಗಬಹುದು, ಈ ತರ್ಕ ಬದಲಾಗೋದಿಲ್ಲ.

ವಿಚಿತ್ರ ಅಂದರೆ ಇದು ಕೇಂದ್ರ ಹಣಕಾಸು ಸಚಿವಾಲಯಕ್ಕೆ ಮೊದಲೇ ಗೊತ್ತಿತ್ತು. ಪ್ಯಾಡಿನ ತೆರಿಗೆ ಸೊನ್ನೆ ಮಾಡಿದರೆ ದೇಶೀ ಉತ್ಪಾದಕರಿಗೆ ಕ್ರೆಡಿಟ್ ತಪ್ಪುತ್ತದೆ, ಸಿದ್ಧ ಪ್ಯಾಡ್ ಆಮದು ಮಾಡುವವರಿಗೆ ಲಾಭವಾಗುತ್ತದೆ ಎಂದು 2017ರಲ್ಲಿ ವಾದ ಮಾಡಿದ್ದೇ ಸಚಿವಾಲಯ. ವರ್ಷ ಕಳೆದ ಮೇಲೆ ಪಕ್ಕದಲ್ಲಿ ಪರಿಹಾರ ಏನನ್ನೂ ಇಡದೆ ಅದನ್ನೇ ಮಾಡಿದರು. ದೊಡ್ಡ ಕಂಪನಿ ಈ ಹೊಡೆತ ತಡೆದುಕೊಳ್ಳುತ್ತದೆ. ದುಬಾರಿ ಕಚ್ಚಾವಸ್ತು ಬಳಸುವ ಸಣ್ಣ ಘಟಕ, ಸ್ವಸಹಾಯ ಸಂಘ ಹೇಗೆ ತಡೆಯಬೇಕು? ಜೋಳದ ಪಿಷ್ಟದಿಂದ ಮಾಡಿದ ಹಿಂಬದಿ ಹಾಳೆ ಪಾಲಿಎಥಿಲೀನ್‌ಗಿಂತ ದುಬಾರಿ. ದುಬಾರಿ ವಸ್ತುವಿನ ಮೇಲೆ ಶೇಕಡಾವಾರು ತೆರಿಗೆಯೂ ಹೆಚ್ಚು. ಅಂದರೆ ನಿಜವಾಗಿ ಹಸಿರಾಗಲು ಹೊರಟವರಿಗೇ ಹೆಚ್ಚು ಪೆಟ್ಟು.

1 ರೂಪಾಯಿಯ ‘ಹಸಿರು’

ಇದೇ ಮಾರುಕಟ್ಟೆಯ ಇನ್ನೊಂದು ತುದಿಯಲ್ಲಿ ಸರ್ಕಾರವೇ ನಿಂತಿದೆ. ಜನೌಷಧಿ ಕೇಂದ್ರಗಳಲ್ಲಿ ಸಿಗುವ ‘ಸುವಿಧಾ’ ಪ್ಯಾಡ್ 2018ರಲ್ಲಿ ಬಂದಾಗ ಒಂದಕ್ಕೆ 2.50 ರೂಪಾಯಿ ಇತ್ತು. 2019ರ ಆಗಸ್ಟ್‌ನಲ್ಲಿ 1 ರೂಪಾಯಿ ಆಯಿತು. ತಿಂಗಳಿಗೆ 10 ಪ್ಯಾಡ್ ಲೆಕ್ಕ ಹಿಡಿದರೆ ವರ್ಷಕ್ಕೆ 120 ರೂಪಾಯಿ. ನಾನು ಕೊಂಡ ಬಿದಿರಿನ ಪ್ಯಾಡಾದರೆ 2,160 ರೂಪಾಯಿ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿರುವ ತಾಯಿಗೆ ‘ಭೂಮಿ ಉಳಿಸು’ ಅಂತ ಯಾವ ಬಾಯಿಂದ ಹೇಳೋದು?

1 ರೂಪಾಯಿಯ ಪ್ಯಾಡ್ ದೊಡ್ಡ ಕೆಲಸ, ಅನುಮಾನವೇ ಇಲ್ಲ. ಆದರೆ ಅದನ್ನು ಪರಿಸರಸ್ನೇಹಿ ಅಂತ ಪರಿಚಯಿಸುವಾಗ ಬಳಸುವ ಪದ ‘ಆಕ್ಸೊ-ಬಯೊಡಿಗ್ರೇಡಬಲ್’. ಇದು ಸಸ್ಯಜನ್ಯ ಅಲ್ಲ. ಆಕ್ಸೊ ಅಂದರೆ ಮಾಮೂಲಿ ಪ್ಲಾಸ್ಟಿಕ್‌ಗೆ ಬೇಗ ಚೂರಾಗುವಂತೆ ಒಂದು ರಾಸಾಯನಿಕ ಸೇರಿಸುವುದು. ಚೂರಾಗುವುದು ಬೇರೆ, ಕೊಳೆತು ಮಣ್ಣಾಗುವುದು ಬೇರೆ. ಕಣ್ಣಿಗೆ ಕಾಣದಷ್ಟು ಚಿಕ್ಕದಾದರೆ ಇಲ್ಲವಾಯಿತು ಅಂತಲ್ಲ. ಈ ಅನುಮಾನದಿಂದಲೇ ಐರೋಪ್ಯ ಒಕ್ಕೂಟ ತನ್ನ 2019ರ ಏಕಬಳಕೆ ಪ್ಲಾಸ್ಟಿಕ್ ನಿರ್ದೇಶನದಲ್ಲಿ ಆಕ್ಸೊ ಪ್ಲಾಸ್ಟಿಕ್ ಉತ್ಪನ್ನಗಳನ್ನು ಮಾರುಕಟ್ಟೆಗೆ ತರದಂತೆ ನಿಷೇಧಿಸಿತು. ನಮ್ಮಲ್ಲಿ ಅದೇ ಪದ ಬಡವರ ಪ್ಯಾಡಿಗೆ ಹಸಿರು ಮುದ್ರೆ.

ಹೀಗಾಗಿ ಮಾರುಕಟ್ಟೆ ಎರಡು ಹೋಳಾಗಿದೆ. ಕೊಳ್ಳುವ ಶಕ್ತಿ ಇದ್ದವರಿಗೆ ಎಲೆಯ ಚಿತ್ರ, ಇಲ್ಲದವರಿಗೆ ಒಂದು ಕಷ್ಟದ ಇಂಗ್ಲಿಷ್ ಪದ. ಎರಡರಲ್ಲೂ ಒಳಗೇನಿದೆ ಅಂತ ಕೊಂಡವಳಿಗೆ ಗೊತ್ತಿಲ್ಲ.

ಕೆಂಪು ಬುಟ್ಟಿಯ ಪ್ರಶ್ನೆ

ಈಗ ನನ್ನ ಕುಂಡಕ್ಕೆ ವಾಪಸ್ ಬರೋಣ. ಒಂದು ವೇಳೆ ಎಲ್ಲ ಪದರಗಳೂ ನಿಜವಾಗಿ ಸಸ್ಯಜನ್ಯ ಅಂತಲೇ ಇಟ್ಟುಕೊಳ್ಳಿ. ಹಿಂಬದಿ ಹಾಳೆ ಜೋಳದ ಪಿಷ್ಟದ ಪಿಎಲ್‌ಎ. ಆಗಲಾದರೂ ಮಣ್ಣಾಗತ್ತಾ?

ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ಕಿಗೆ ನಮ್ಮಲ್ಲಿ ಐಎಸ್/ಐಎಸ್‌ಒ 17088 ಎಂಬ ಮಾನದಂಡ ಇದೆ. ಆ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಬಿಸಿಯಿರುವ, ತೇವ ಮತ್ತು ಗಾಳಿ ಸರಿಯಾಗಿ ಸಿಗುವ ಕಾಂಪೋಸ್ಟ್‌ನಲ್ಲಿ. ಬೆಂಗಳೂರಿನ ಬಾಲ್ಕನಿಯ ಕುಂಡದಲ್ಲಿ 58 ಡಿಗ್ರಿ ಎಲ್ಲಿಂದ ಬರಬೇಕು? ತಿಪ್ಪೆಗುಂಡಿಯಲ್ಲೂ ಸುಲಭಕ್ಕೆ ಬರೋದಿಲ್ಲ. ‘ಆರು ತಿಂಗಳಲ್ಲಿ ಕರಗುತ್ತದೆ’ ಎನ್ನುವ ಮಾತು ಸುಳ್ಳಲ್ಲದೇ ಇರಬಹುದು. ಎಲ್ಲಿ ಕರಗುತ್ತದೆ ಅನ್ನುವುದನ್ನು ಬಿಟ್ಟಿರುತ್ತಾರೆ.

ನಾವು ಬಳಸಿದ ಪ್ಯಾಡ್ ಹೋಗುವುದಾದರೂ ಎಲ್ಲಿಗೆ? 2015ರಲ್ಲಿ ಹೈಕೋರ್ಟ್ ಕಡ್ಡಾಯ ಮಾಡಿದ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯಲ್ಲಿ ಹಸಿ ಕಸಕ್ಕೆ ಹಸಿರು ಬುಟ್ಟಿ, ಪ್ಯಾಡ್ ಮತ್ತು ಡೈಪರ್‌ನಂಥದ್ದಕ್ಕೆ ಕೆಂಪು ಬುಟ್ಟಿ. 2 ರೂಪಾಯಿಯ ಪ್ಲಾಸ್ಟಿಕ್ ಪ್ಯಾಡ್, 18 ರೂಪಾಯಿಯ ಬಿದಿರಿನ ಪ್ಯಾಡ್ ಎರಡೂ ಪೇಪರಿನಲ್ಲಿ ಸುತ್ತಿಕೊಂಡು ಅದೇ ಕೆಂಪು ಬುಟ್ಟಿಗೆ ಬೀಳುತ್ತವೆ. ಅಲ್ಲಿಂದ ಮುಂದೆ ಒಂದೋ ಸುಡುವ ಒಲೆ, ಇಲ್ಲಾ ಕಸದ ಬೆಟ್ಟ. ಸುಟ್ಟರೆ ಕಾಂಪೋಸ್ಟ್ ಆಗುವ ಗುಣಕ್ಕೆ ಅರ್ಥವೇ ಇಲ್ಲ. ಗಾಳಿಯಾಡದ ಕಸದ ಬೆಟ್ಟದಡಿ ಹೂತರೆ ಸಸ್ಯದ ನಾರು ಕೊಳೆತು ಮೀಥೇನ್ ಹುಟ್ಟಿಸುತ್ತದೆ.

ಈ ಎರಡರ ನಡುವೆ ಒಬ್ಬರ ಕೈ ಇದೆ. ನಮ್ಮ ಬೀದಿಗೆ ಬರುವ ಪೌರಕಾರ್ಮಿಕ ಮಹಿಳೆಗೆ ಒಮ್ಮೆ ಕೇಳಿದೆ, ಈಗ ಬಾಳೆನಾರಿನ ಪ್ಯಾಡೆಲ್ಲ ಬಂದಿದೆಯಂತೆ, ನಿಮಗೇನಾದರೂ ವ್ಯತ್ಯಾಸ ಕಾಣತ್ತಾ ಅಂತ. ಅವರು ನನ್ನನ್ನೇ ಒಂದು ಗಳಿಗೆ ನೋಡಿ, ‘ಸುತ್ತಿ ಬೇರೆ ಹಾಕಿದ್ರೆ ಸಾಕವ್ವ, ಅದ್ಯಾವ್ ನಾರೋ ನಮಗೇನು’ ಅಂದರು. 2016ರ ಘನತ್ಯಾಜ್ಯ ನಿಯಮಗಳು ಪ್ಯಾಡ್ ತಯಾರಕರಿಗೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಮರುಬಳಕೆಯಾಗುವ ವಸ್ತು ಬಳಸುವ ಸಾಧ್ಯತೆ ಹುಡುಕಿ, ಇಲ್ಲವೇ ಪ್ರತಿ ಪ್ಯಾಡಿಗೂ ಸುತ್ತಿ ಎಸೆಯಲು ಒಂದು ಚೀಲ ಕೊಡಿ. ಕಂಪನಿಗಳಿಗೆ ಚೀಲ ಕೊಟ್ಟು ಕೈತೊಳೆದುಕೊಳ್ಳುವ ದಾರಿ ಆಗಲೇ ತೆರೆಯಿತು.

ಹಾಗಾದರೆ ಏನು ಕೇಳಬೇಕು?

ಈ ಬರಹ ಓದಿ ‘ಅಯ್ಯೋ, ಹಾಗಾದ್ರೆ ನಾನೇನು ಬಳಸಲಿ?’ ಅಂತ ಯಾರಿಗಾದರೂ ಅನಿಸಿದರೆ ನಾನು ಸೋತ ಹಾಗೆ. ನಿಮಗೆ ಯಾವುದು ಹಿತವೋ, ಯಾವುದು ಕೈಗೆಟುಕುತ್ತದೋ ಅದನ್ನು ಬಳಸಿ. ಹೊಟ್ಟೆನೋವಿನಲ್ಲಿ ಬಸ್ಸಿನಲ್ಲಿ ನಿಂತು ಕಾಲೇಜಿಗೆ ಹೋಗುವ ಹುಡುಗಿಯ ತಲೆಮೇಲೆ ಭೂಮಿಯ ಭಾರವನ್ನೂ ಹೊರಿಸುವುದು ಬೇಡ. ನಮ್ಮಮ್ಮ ಹಳೇ ಕಾಟನ್ ಸೀರೆ ಹರಿದು ಬಳಸಿದವಳು. ಅದು ಪರಿಸರಸ್ನೇಹಿಯಾಗಿತ್ತು, ನಿಜ. ಅದನ್ನು ಯಾರಿಗೂ ಕಾಣದ ಹಾಗೆ ಬಚ್ಚಲ ಮೂಲೆಯಲ್ಲಿ, ಬಿಸಿಲೇ ಬೀಳದ ಕಡೆ ಒಣಹಾಕಬೇಕಿತ್ತು ಅನ್ನುವುದೂ ಅಷ್ಟೇ ನಿಜ. ಹಿಂದಿನದೆಲ್ಲ ಚೆನ್ನಾಗಿತ್ತು ಅನ್ನುವ ಹಾಡು ನನಗೆ ಹಾಡೋಕೆ ಬರಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ದೇಶದ 15ರಿಂದ 24 ವಯಸ್ಸಿನವರಲ್ಲಿ ಶೇ. 64ರಷ್ಟು ಮಂದಿ ಸ್ಯಾನಿಟರಿ ಪ್ಯಾಡ್ ಬಳಸುತ್ತಾರೆ, ಶೇ. 50ರಷ್ಟು ಮಂದಿ ಬಟ್ಟೆ ಬಳಸುತ್ತಾರೆ. ಅಂದರೆ ಹಲವರು ಎರಡನ್ನೂ ಬಳಸುತ್ತಾರೆ, ಇದ್ದಾಗ ಪ್ಯಾಡ್, ಇಲ್ಲದಾಗ ಬಟ್ಟೆ. ಬಟ್ಟೆಯಿಂದ ಪ್ಯಾಡಿಗೆ ಬರುವವರ ಸಂಖ್ಯೆ ಬೆಳೆಯುತ್ತಲೇ ಇದೆ. ಅವರ ಕೈಗೆ ಮೊದಲ ಪ್ಯಾಡ್ ಯಾವುದು ಸಿಗುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಬ್ರ್ಯಾಂಡುಗಳ ಜಾಹೀರಾತಿಗಿಂತ ಹೆಚ್ಚಾಗಿ ಸರ್ಕಾರದ ಖರೀದಿ.

ನಮ್ಮ ರಾಜ್ಯದ್ದೇ ‘ಶುಚಿ’ ಯೋಜನೆ ಇದೆ. ಲಕ್ಷಾಂತರ ಕಿಶೋರಿಯರಿಗೆ ಉಚಿತ ಪ್ಯಾಡ್ ಕೊಡುವ ಈ ಯೋಜನೆ ಕೆಲವು ವರ್ಷ ನಿಂತೇಹೋಗಿ 2024ರಲ್ಲಿ ಮತ್ತೆ ಶುರುವಾಯಿತು. ದಕ್ಷಿಣ ಕನ್ನಡ, ಚಾಮರಾಜನಗರದಲ್ಲಿ ‘ನನ್ನ ಮೈತ್ರಿ’ ಹೆಸರಲ್ಲಿ ಮುಟ್ಟಿನ ಕಪ್ ಕೊಟ್ಟಿದ್ದೂ ಇದೇ ಸರ್ಕಾರಿ ವ್ಯವಸ್ಥೆ. ಸರಿಯಾಗಿ ನೋಡಿಕೊಂಡರೆ ಒಂದು ಕಪ್ ವರ್ಷಗಟ್ಟಲೆ ಬರುತ್ತದೆ. ಎಲ್ಲರಿಗೂ ಒಗ್ಗೋದಿಲ್ಲ, ಆದರೆ ಆಯ್ಕೆಯಾಗಿ ಇರಬೇಕು. ಶುಚಿಯ ಟೆಂಡರಿನಲ್ಲಿ ಪ್ಯಾಡಿನ ಪ್ರತಿ ಪದರದ ವಿವರ ಕಡ್ಡಾಯ ಮಾಡಿದರೆ? ಒಂದು ಪಾಲನ್ನು ಬಾಳೆ ಬೆಳೆಯುವ ಜಿಲ್ಲೆಗಳ ಸ್ವಸಹಾಯ ಸಂಘಗಳಿಗೆ, ಪ್ರಮಾಣಪತ್ರ ಇರುವ ಕಾಂಪೋಸ್ಟಬಲ್ ಪ್ಯಾಡಿಗೆ ಮೀಸಲಿಟ್ಟರೆ? ಆ ಪ್ಯಾಡ್ ಹಂಚಿದ ಶಾಲೆ, ಹಾಸ್ಟೆಲಿನಲ್ಲೇ ಅದನ್ನು ಬೇರೆಯಾಗಿ ಸಂಗ್ರಹಿಸಿ ಬಿಸಿ ಕಾಂಪೋಸ್ಟ್ ಘಟಕಕ್ಕೆ ಕಳಿಸಿದರೆ? ಹಾಸ್ಟೆಲ್ ಇದಕ್ಕೆ ಹೇಳಿ ಮಾಡಿಸಿದ ಜಾಗ: ಒಂದೇ ಬಗೆಯ ಪ್ಯಾಡ್, ಒಂದೇ ಕಡೆ ಸಂಗ್ರಹ. ಊರಿಗೆಲ್ಲ ಆಗುವ ಮೊದಲು ಒಂದು ಹಾಸ್ಟೆಲಿನಲ್ಲಿ ಆಗಲಿ.

ಕಾನೂನು ಪೂರ್ತಿ ಇಲ್ಲ ಅಂತಲೂ ಅಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಸುಳ್ಳು ಹಸಿರು ಜಾಹೀರಾತು ತಡೆಯುವ ಮಾರ್ಗಸೂಚಿ ತಂದಿದೆ. ‘ಪರಿಸರಸ್ನೇಹಿ’, ‘ಹಸಿರು’ ಅಂತ ಸುಮ್ಮನೆ ಬರೆಯುವ ಹಾಗಿಲ್ಲ, ಪುರಾವೆ ಬೇಕು. ಗ್ರಾಹಕ ಸಹಾಯವಾಣಿಯ 1915ಕ್ಕೆ ಯಾರು ಬೇಕಾದರೂ ದೂರು ಕೊಡಬಹುದು. ನಾನು ನನ್ನ ಪ್ಯಾಡಿನ ಕಂಪನಿಗೆ ಮೊದಲು ಒಂದು ಮೇಲ್ ಬರೆದೆ. ಮೂರೇ ಪ್ರಶ್ನೆ: ಹಿಂಬದಿ ಹಾಳೆ ಯಾವುದು? ಅಂಟು ಯಾವುದು? ಯಾವ ಪ್ರಮಾಣಪತ್ರ, ಅದರ ಸಂಖ್ಯೆ ಎಷ್ಟು? ಎರಡು ವಾರ ಬಿಟ್ಟು ಉತ್ತರ ಬಂತು, ಮುಂದಿನ ಖರೀದಿಗೆ ಶೇ. 15 ರಿಯಾಯಿತಿಯ ಕೂಪನ್ ಜೊತೆಗೆ. ಪ್ರಶ್ನೆಗಳಿಗೆ ಉತ್ತರ ಇರಲಿಲ್ಲ.

ಕೂಪನ್ ಬಳಸಿಲ್ಲ. ಅದೇ ಮೂರು ಪ್ರಶ್ನೆಗಳನ್ನು ಮತ್ತೆ ಕಳಿಸಿದ್ದೇನೆ. ಕುಂಡದಲ್ಲಿ ಸಿಕ್ಕ ಹಾಳೆಯನ್ನು ತೊಳೆದು, ಒಣಗಿಸಿ, ಒಂದು ಕವರಿನಲ್ಲಿ ಎತ್ತಿಟ್ಟಿದ್ದೇನೆ. ದೂರು ಕೊಡುವಾಗ ಬೇಕಾಗತ್ತೆ.